ಪೆನ್ನು ಓಡುತ್ತದೆ, ಗೆರೆ ಮಾತ್ರ ದಪ್ಪವಾಗುವುದಿಲ್ಲ

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವನು. ನಲವತ್ತು ವರ್ಷ ಹೋಟೆಲು, ಕಿರಾಣಿ ಅಂಗಡಿ, ಗಣಪತಿ ಮಂಡಲಗಳ ಬೋರ್ಡು ಬರೆದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಈಗ ಪೂರ್ತಿ ಮನೆಯಲ್ಲಿದ್ದೇನೆ. ಮಗ ‘ವನ್ ಬೈ ವಾಕಾಮ್’ ಎಂಬ, ಪೆನ್ನಿನಿಂದ ಚಿತ್ರ ಬರೆಯುವ ಸಣ್ಣ ಟ್ಯಾಬ್ಲೆಟ್ ತಂದು, ವಿಂಡೋಸ್ 10 ಇರುವ ಹಳೆ ಡೆಸ್ಕ್‌ಟಾಪಿಗೆ ಜೋಡಿಸಿ, ಕ್ರಿತಾ ಎಂಬ ಚಿತ್ರ ಬರೆಯುವ ಪ್ರೋಗ್ರಾಮ್ ಹಾಕಿಕೊಟ್ಟು ಪುಣೆಗೆ ಹೋದ. ಪೆನ್ನಾಡಿಸಿದರೆ ಬಾಣ ಓಡುತ್ತದೆ, ಆದರೆ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ತುದಿ ಊರಿದ ಕೂಡಲೇ ನೀರಿನ ಉಂಗುರದಂಥದ್ದು ಮೂಡುತ್ತದೆ, ಗೆರೆ ಒಂದು ಕ್ಷಣ ತಡವಾಗಿ ಹೊರಡುತ್ತದೆ. ಸೊನ್ನೆ ಬರೆದರೆ ಮೊಟ್ಟೆಯಾಗುತ್ತದೆ. ಕೆಲವು ಸಂಜೆ ಗೆರೆ ನಡುಗುತ್ತದೆ. ನನ್ನ ಕೈಯೋ, ಯಂತ್ರವೋ ತಿಳಿಯದು. ಇದೇ ಕಂಪ್ಯೂಟರಿಗೆ ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಒಂದು ಇತ್ತು. ಇದನ್ನು ವಾಪಸು ಕೊಡಲೇ?

ಉತ್ತರ: ವಾಪಸು ಕೊಡಬೇಡಿ. ನಿಮ್ಮ ಪತ್ರ ಎರಡು ಸಲ ಓದಿದೆ. ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದೂ ಟ್ಯಾಬ್ಲೆಟ್ಟಿನ ಒಳಗಿದ್ದ ಹಾಗೆ ನನಗೆ ಕಾಣುವುದಿಲ್ಲ. ನಾನು ಅಂಧೇರಿ, ಗೋರೆಗಾಂವ್ ಕಡೆಯ ಅನಿಮೇಶನ್ ಸ್ಟುಡಿಯೋಗಳಿಗೆ ಹೋಗಿ ಇಂಥ ಯಂತ್ರಗಳನ್ನು ಕೂರಿಸಿಕೊಡುವವನು. ‘ಟ್ಯಾಬ್ಲೆಟ್ ಸತ್ತಿದೆ, ಹೊಸದು ತನ್ನಿ’ ಎಂದು ಕರೆ ಬಂದ ಕಡೆ ಹೋಗಿ ನೋಡಿದರೆ ಬಹುಪಾಲು ಅದು ಬದುಕಿಯೇ ಇರುತ್ತದೆ. ಇನ್ನೊಂದು ಮಾತು: ಮಗನಿಗೆ ಫೋನು ಮಾಡಿದರೆ ‘ಎಲ್ಲ ಅಳಿಸಿ ಮತ್ತೆ ಹಾಕಿ ಅಪ್ಪಾ’ ಅನ್ನಬಹುದು. ಈಗಿನವರ ಮದ್ದೇ ಅದು. ಸದ್ಯಕ್ಕೆ ಏನೂ ಅಳಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಕೆದಕಿದರೆ ಯಾವುದು ಕೆಟ್ಟಿತ್ತು, ಯಾವುದು ಸರಿಯಾಯಿತು ಎಂಬುದೇ ಗೊತ್ತಾಗುವುದಿಲ್ಲ, ತಿಂಗಳು ಬಿಟ್ಟು ಅದೇ ಕಾಟ ಮತ್ತೆ ಬಂದಾಗ ಮತ್ತೆ ಕತ್ತಲಲ್ಲೇ ತಡಕಾಡಬೇಕು.

ಮೊದಲು ಪೆನ್ನು ಏನು ಮಾಡುತ್ತದೆ ಎಂದು ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನಿಮ್ಮ ಪೆನ್ನಿನಲ್ಲಿ ಬ್ಯಾಟರಿ ಇಲ್ಲ. ಟ್ಯಾಬ್ಲೆಟ್ಟಿನ ಕಪ್ಪು ಹಾಳೆಯ ಕೆಳಗೆ ತಂತಿಗಳ ಜಾಲ ಇದೆ. ಅದು ಸಣ್ಣ ಕಾಂತಕ್ಷೇತ್ರ ಹೊರಡಿಸುತ್ತದೆ. ಪೆನ್ನಿನೊಳಗಿನ ತಂತಿಸುರುಳಿ ಅದರಿಂದಲೇ ಶಕ್ತಿ ತೆಗೆದುಕೊಂಡು ಅದೇ ಶ್ರುತಿಯಲ್ಲಿ ಮರುದನಿ ಕೊಡುತ್ತದೆ. ಆ ಮರುದನಿ ಯಾವ ತಂತಿಯ ಮೇಲೆ ಜೋರಾಗಿದೆ ಎಂಬುದರಿಂದ ತುದಿ ಎಲ್ಲಿದೆ ಎಂದು ಟ್ಯಾಬ್ಲೆಟ್ಟಿಗೆ ತಿಳಿಯುತ್ತದೆ. ತುದಿ ಒತ್ತಿದಾಗ ಮರುದನಿ ತುಸು ಬದಲಾಗುತ್ತದೆ, ಅದೇ ಒತ್ತಡದ ಲೆಕ್ಕ. ನಿಮ್ಮದರಲ್ಲಿ ಆ ಲೆಕ್ಕಕ್ಕೆ 2048 ಮೆಟ್ಟಿಲು. ಅಂಗಡಿಯಲ್ಲಿ 8192 ಎಂದು ಆಸೆ ತೋರಿಸುತ್ತಾರೆ. ಕಣ್ಣಿಗೂ ಕೈಗೂ ಆ ವ್ಯತ್ಯಾಸ ಸಿಗುತ್ತದೆಂದು ನನಗಂತೂ ಅನಿಸಿಲ್ಲ. ಆಮೇಲೆ ಈ ಸುದ್ದಿ ಯುಎಸ್‌ಬಿ ತಂತಿಯಲ್ಲಿ ಹೋಗಿ ವಾಕಾಮ್ ಡ್ರೈವರಿಗೆ (ಟ್ಯಾಬ್ಲೆಟ್ಟಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಮ್), ಅಲ್ಲಿಂದ ವಿಂಡೋಸಿಗೆ, ಅಲ್ಲಿಂದ ಕ್ರಿತಾಗೆ ತಲುಪಬೇಕು. ಬಾಣ ಓಡುತ್ತಿದೆ ಅಂದರೆ ‘ಎಲ್ಲಿ’ ಎಂಬ ಅರ್ಧ ಸುದ್ದಿ ಕೊನೆತನಕ ಮುಟ್ಟುತ್ತಿದೆ. ‘ಎಷ್ಟು’ ಎಂಬ ಇನ್ನರ್ಧ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತಿದೆ.

ಎಲ್ಲಿ ಬಿದ್ದಿದೆ ಎಂದು ಹುಡುಕಲು ಶುರುವಿನಿಂದ ಬನ್ನಿ. ಸ್ಟಾರ್ಟ್ ಮೆನುವಿನಲ್ಲಿ ‘ವಾಕಾಮ್ ಸೆಂಟರ್’ ಅಥವಾ ‘ವಾಕಾಮ್ ಟ್ಯಾಬ್ಲೆಟ್ ಪ್ರಾಪರ್ಟೀಸ್’ ಎಂಬುದನ್ನು ತೆರೆಯಿರಿ, ಅದರಲ್ಲಿ ಪೆನ್ನಿನ ಪುಟಕ್ಕೆ ಹೋಗಿ. ‘ಟಿಪ್ ಫೀಲ್’ ಎಂಬ ಜಾರುಗುಂಡಿಯ ಬಳಿ ಒತ್ತಡ ತೋರಿಸುವ ಒಂದು ಸಣ್ಣ ಪಟ್ಟಿ ಇರುತ್ತದೆ. ಪೆನ್ನಿನ ತುದಿಯನ್ನು ಟ್ಯಾಬ್ಲೆಟ್ಟಿನ ಮೇಲೆ ಮೆಲ್ಲಗೆ ಊರಿ, ಹಾಗೇ ಒತ್ತುತ್ತಾ ಹೋಗಿ. ಥರ್ಮಾಮೀಟರಿನ ಪಾದರಸದ ಹಾಗೆ ಆ ಪಟ್ಟಿ ಏರಿದರೆ ಪೆನ್ನು, ಟ್ಯಾಬ್ಲೆಟ್, ತಂತಿ, ಡ್ರೈವರು ನಾಲ್ಕೂ ಸರಿ. ನಿಮ್ಮ ಹಣ ಎಲ್ಲಿಗೂ ಹೋಗಿಲ್ಲ. ಏರದಿದ್ದರೆ ಮಾತ್ರ ವಾಪಸು ಕೊಡುವ ಯೋಚನೆ ಮಾಡಬಹುದು. ಅದೂ ಪೆನ್ನಿನ ತುದಿಯ ನಿಬ್ಬನ್ನು ಒಮ್ಮೆ ಎಳೆದು ತೆಗೆದು ಮತ್ತೆ ಸರಿಯಾಗಿ ಕೂರಿಸಿ ನೋಡಿದ ಮೇಲೆ.

ಆ ಪಟ್ಟಿ ಏರಿಯೇ ಏರುತ್ತದೆ ಎಂದು ನನ್ನ ಊಹೆ. ಯಾಕೆಂದರೆ ನೀವು ಹೇಳಿದ ನೀರಿನ ಉಂಗುರವೇ ಅದಕ್ಕೆ ಸಾಕ್ಷಿ. ಅದು ಬರೀ ಮೌಸ್ ಎಂದು ವಿಂಡೋಸ್ ತಿಳಿದಿದ್ದರೆ ಉಂಗುರ ಮೂಡುತ್ತಲೇ ಇರಲಿಲ್ಲ. ‘ಇದು ಪೆನ್ನು’ ಎಂದು ಅದಕ್ಕೆ ಗೊತ್ತಾಗಿದೆ. ಹಾಗಿದ್ದೂ ಕ್ರಿತಾದಲ್ಲಿ ಒತ್ತಡ ಇಲ್ಲ. ಅಂದರೆ ಗಂಟು ಇರುವುದು ವಿಂಡೋಸ್ ಮತ್ತು ಕ್ರಿತಾದ ನಡುವೆ.

ವಿಂಡೋಸಿನಲ್ಲಿ ಪೆನ್ನಿನ ಸುದ್ದಿ ಹೋಗಲು ಎರಡು ದಾರಿಗಳಿವೆ. ಒಂದು ವಿಂಟ್ಯಾಬ್, 1990ರ ದಶಕದಿಂದ ಇರುವ ಹಳೆಯ ದಾರಿ. ಇನ್ನೊಂದು ವಿಂಡೋಸ್ ಇಂಕ್, 2012ರ ವಿಂಡೋಸ್ 8ರಿಂದ ಈಚೆಗೆ ಹರಡಿದ್ದು. ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ದಾದರಿನಲ್ಲಿ ನೀವು ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ಇಳಿಯುತ್ತೀರಿ, ನಿಮ್ಮನ್ನು ಕರೆದುಕೊಂಡು ಹೋಗಬೇಕಾದವರು ವೆಸ್ಟರ್ನ್ ಲೈನಿನ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರುತ್ತಾರೆ. ಇಬ್ಬರೂ ದಾದರಿನಲ್ಲೇ ಇದ್ದೀರಿ, ಭೇಟಿಯಾಗುವುದಿಲ್ಲ. ನಿಮ್ಮಲ್ಲಿ ಒತ್ತಡ ಇಂಕ್ ದಾರಿಯಲ್ಲಿ ಬಂದು ಇಳಿಯುತ್ತಿದೆ, ಕ್ರಿತಾ ವಿಂಟ್ಯಾಬ್ ದಾರಿ ಕಾಯುತ್ತಿದೆ.

ವಿಂಟ್ಯಾಬಿನಲ್ಲಿ ಯಾಕೆ ಏನೂ ಬರುತ್ತಿಲ್ಲ ಎಂದು ಕೇಳಿದರೆ, ನಿಮ್ಮ ಪತ್ರದಲ್ಲಿ ಬೇರೆ ಕಂಪನಿಯ ಟ್ಯಾಬ್ಲೆಟ್ ಇತ್ತು ಎಂದ ಸಾಲಿಗೆ ಬನ್ನಿ. ವಿಂಟ್ಯಾಬ್ ನಡೆಯುವುದು ಒಂದು ಕಡತದ ಮೇಲೆ, ಹೆಸರು ವಿಂಟ್ಯಾಬ್32. ಪ್ರತಿ ಟ್ಯಾಬ್ಲೆಟ್ ಕಂಪನಿಯೂ ತನ್ನದೇ ವಿಂಟ್ಯಾಬ್32 ಬರೆದು ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿ ಇಡುತ್ತದೆ. ಜಾಗ ಒಂದೇ, ಹೆಸರು ಒಂದೇ, ಕೂರುವವರು ಹಲವರು. ಹಳೆ ಟ್ಯಾಬ್ಲೆಟ್ ಮನೆ ಬಿಟ್ಟು ಹೋದರೂ ಅದರ ಡ್ರೈವರು ಅಲ್ಲೇ ಉಳಿದಿದ್ದರೆ, ಆ ಕುರ್ಚಿಯಲ್ಲಿ ಇನ್ನೂ ಹಳೆಯ ಕಂಪನಿಯ ಗುಮಾಸ್ತನೇ ಕೂತಿರುತ್ತಾನೆ. ಕ್ರಿತಾ ಬಂದು ‘ಒತ್ತಡ ಎಷ್ಟು?’ ಎಂದು ಕೇಳಿದರೆ ಅವನಿಗೆ ಈ ಹೊಸ ಪೆನ್ನಿನ ಗಂಧವೇ ಇಲ್ಲ. ನೋಡಬೇಕೆಂದಿದ್ದರೆ ಆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ‘ಡೀಟೇಲ್ಸ್’ ಪುಟದಲ್ಲಿ ಯಾರ ಹೆಸರಿದೆ ಓದಿ. ವಾಕಾಮ್ ಅಲ್ಲದ ಹೆಸರಿದ್ದರೆ ಕಳ್ಳ ಸಿಕ್ಕಿದ. ನೋಡಿ ಅಷ್ಟೇ, ಕೈಯಿಂದ ಅಳಿಸಲು ಹೋಗಬೇಡಿ.

ಇವತ್ತೇ ಚಿತ್ರ ಬರೆಯಬೇಕೆಂದಿದ್ದರೆ ಒಂದು ಸುಲಭದ ದಾರಿ ಇದೆ. ಕ್ರಿತಾದಲ್ಲಿ ‘ಸೆಟ್ಟಿಂಗ್ಸ್’, ಅದರಲ್ಲಿ ‘ಕಾನ್ಫಿಗರ್ ಕ್ರಿತಾ’, ಎಡಗಡೆಯ ಸಾಲಿನಲ್ಲಿ ‘ಟ್ಯಾಬ್ಲೆಟ್ ಸೆಟ್ಟಿಂಗ್ಸ್’. ಅಲ್ಲಿ ಎರಡು ಆಯ್ಕೆ ಕಾಣುತ್ತದೆ, ಒಂದು ವಿಂಟ್ಯಾಬ್, ಇನ್ನೊಂದು ವಿಂಡೋಸ್ 8ರ ನಂತರದ ಪಾಯಿಂಟರ್ ಇನ್‌ಪುಟ್. ಎರಡನೆಯದೇ ಇಂಕ್ ದಾರಿ. ಅದಕ್ಕೆ ಚುಕ್ಕೆ ಹಾಕಿ, ‘ಓಕೆ’ ಒತ್ತಿ, ಕ್ರಿತಾವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚಿ ತೆರೆಯದೆ ‘ಬದಲಾಯಿಸಿದೆ, ಏನೂ ಆಗಲಿಲ್ಲ’ ಎಂದು ನನಗೆ ಫೋನು ಮಾಡಿದವರು ಎಷ್ಟೋ ಮಂದಿ. ಅದೇ ಪುಟದಲ್ಲಿ ‘ಟ್ಯಾಬ್ಲೆಟ್ ಟೆಸ್ಟರ್’ ಎಂಬ ಗುಂಡಿಯೂ ಇದೆ, ಒತ್ತಿದರೆ ಗೆರೆ ಎಳೆಯಲು ಒಂದು ಚೌಕ, ಪಕ್ಕದಲ್ಲಿ ಓಡುವ ಅಕ್ಷರಗಳ ಸಾಲು ಕಾಣುತ್ತದೆ. ಪೆನ್ನಿನಿಂದ ಎಳೆದಾಗ ಆ ಸಾಲುಗಳಲ್ಲಿ ‘ಸ್ಟೈಲಸ್’ ಎಂದು ಬರಬೇಕು, ಒತ್ತಡದ ಅಂಕೆ ಕೈಯ ಜೊತೆ ಏರಿಳಿಯಬೇಕು. ಬರೀ ‘ಮೌಸ್’ ಎಂದೇ ಬರುತ್ತಿದ್ದರೆ ಕ್ರಿತಾಗೆ ಪೆನ್ನು ಇನ್ನೂ ಕಂಡಿಲ್ಲ.

ಪರೀಕ್ಷೆಯಲ್ಲಿ ಅಂಕೆ ಏರಿಳಿದರೂ ಹಾಳೆಯ ಮೇಲೆ ಗೆರೆ ಒಂದೇ ದಪ್ಪ ಇದ್ದರೆ ಕುಂಚ ಬದಲಾಯಿಸಿ ನೋಡಿ. ಕ್ರಿತಾದ ಎಲ್ಲ ಕುಂಚಗಳೂ ಒತ್ತಡಕ್ಕೆ ದಪ್ಪವಾಗುವುದಿಲ್ಲ. ‘ಫೈನ್‌ಲೈನರ್’ ಎಂಬುದು ರೀಫಿಲ್ ಪೆನ್ನಿನ ಹಾಗೆ, ಎಷ್ಟೊತ್ತಿದರೂ ಅಷ್ಟೇ. ‘ಬೇಸಿಕ್-5 ಸೈಜ್’ ಎಂಬುದನ್ನು ಹಿಡಿಯಿರಿ.

ಇದು ತಾತ್ಕಾಲಿಕ. ಪುರುಸೊತ್ತಿದ್ದಾಗ ಹಳೆಯ ಗುಮಾಸ್ತನನ್ನೂ ಮನೆಗೆ ಕಳಿಸಿ. ಟ್ಯಾಬ್ಲೆಟ್ಟಿನ ತಂತಿ ಕಿತ್ತಿಡಿ, ವಿಂಡೋಸ್ ಸೆಟ್ಟಿಂಗ್ಸಿನ ‘ಆಪ್ಸ್’ ಪಟ್ಟಿಯಲ್ಲಿ ಹಳೆ ಕಂಪನಿಯ ಡ್ರೈವರ್ ಹುಡುಕಿ ತೆಗೆಯಿರಿ, ವಾಕಾಮಿನದನ್ನೂ ತೆಗೆಯಿರಿ, ಕಂಪ್ಯೂಟರ್ ಮರುಚಾಲು ಮಾಡಿ, ವಾಕಾಮ್‌ನ ಸ್ವಂತ ತಾಣದಿಂದ ಡ್ರೈವರ್ ಇಳಿಸಿ ಹಾಕಿ, ಮತ್ತೊಮ್ಮೆ ಮರುಚಾಲು, ಆಮೇಲೆ ತಂತಿ ಸಿಕ್ಕಿಸಿ. ನಡುವಿನ ಮರುಚಾಲು ಬಿಟ್ಟರೆ ಹಳೆಯ ಕಡತ ಬಳಕೆಯಲ್ಲಿದೆ ಎಂದು ವಿಂಡೋಸ್ ಅದನ್ನು ಕದಲಿಸುವುದೇ ಇಲ್ಲ. ಅಳಿಸಬೇಡಿ ಎಂದು ಆಗ ಹೇಳಿ ಈಗ ಅಳಿಸಿ ಅನ್ನುತ್ತಿದ್ದೇನಲ್ಲ ಎಂದು ನಗಬೇಡಿ. ಆಗ ಯಾಕೆ ಅಳಿಸುವುದೆಂದು ಗೊತ್ತಿರಲಿಲ್ಲ, ಈಗ ಗೊತ್ತಿದೆ.

ನೀರಿನ ಉಂಗುರದ ವಿಷಯ. ಪೆನ್ನಿನ ತುದಿಯನ್ನು ಒತ್ತಿ ಹಿಡಿದರೆ ಅದು ರೈಟ್ ಕ್ಲಿಕ್ ಎಂದು ವಿಂಡೋಸಿನಲ್ಲಿ ಒಂದು ಏರ್ಪಾಡಿದೆ. ಹಾಗಾಗಿ ನೀವು ತುದಿ ಊರಿದ ಕೂಡಲೇ ಅದು ಗೆರೆಯನ್ನು ಬಿಡುವುದಿಲ್ಲ, ‘ಇವರು ಗೆರೆ ಎಳೆಯುತ್ತಾರೋ, ಒತ್ತಿ ಹಿಡಿಯುತ್ತಾರೋ’ ಎಂದು ಕ್ಷಣಕಾಲ ಕಾದು ನೋಡುತ್ತದೆ. ಆ ಕಾಯುವಿಕೆಯೇ ನಿಮಗೆ ತಡವಾಗಿ ಕಾಣುವುದು. ಕಂಟ್ರೋಲ್ ಪ್ಯಾನೆಲ್ ತೆರೆದು ‘ಪೆನ್ ಅಂಡ್ ಟಚ್’ಗೆ ಹೋಗಿ, ‘ಪ್ರೆಸ್ ಅಂಡ್ ಹೋಲ್ಡ್’ ಸಾಲನ್ನು ಆರಿಸಿ, ‘ಸೆಟ್ಟಿಂಗ್ಸ್’ ಒತ್ತಿ, ಮೇಲಿನ ಗುರುತು ತೆಗೆದರೆ ಮುಗಿಯಿತು. ಪೆನ್ನಿನ ಪಕ್ಕದಲ್ಲಿ ಗುಂಡಿ ಇದ್ದೇ ಇದೆ, ರೈಟ್ ಕ್ಲಿಕ್ಕಿಗೆ ಅದೇ ಸಾಕು.

ಇದಕ್ಕೆ ಇನ್ನೊಂದು ಉಪಾಯ, ವಾಕಾಮ್‌ನ ಮ್ಯಾಪಿಂಗ್ ಪುಟದಲ್ಲಿ ‘ಯೂಸ್ ವಿಂಡೋಸ್ ಇಂಕ್’ ಎಂಬ ಗುರುತನ್ನೇ ತೆಗೆದುಬಿಡುವುದು. ಆಗ ಉಂಗುರ, ತಡ ಎರಡೂ ಹೋಗುತ್ತವೆ. ಆದರೆ ಆಗ ಒತ್ತಡ ವಿಂಟ್ಯಾಬಿನಲ್ಲಿ ಮಾತ್ರ ಬರುತ್ತದೆ, ಕ್ರಿತಾವನ್ನೂ ವಿಂಟ್ಯಾಬಿಗೆ ತಿರುಗಿಸಬೇಕು, ಹಳೆಯ ಡ್ರೈವರ್ ಪೂರ್ತಿ ಹೋಗಿರಬೇಕು. ಸ್ಟುಡಿಯೋಗಳಲ್ಲಿ ನಾನು ಮಾಡುವುದು ಹೀಗೇ. ಮನೆಯಲ್ಲಿ ಒಂದೇ ಪ್ರೋಗ್ರಾಮ್ ಬಳಸುವವರಿಗೆ ಇಂಕ್ ದಾರಿ ಸಾಕು. ಮಗ ಮುಂದೆ ಫೋಟೋಶಾಪ್ ಹಾಕಿಕೊಟ್ಟರೆ ಒಂದು ಮಾತು ನೆನಪಿಡಿ: ಅದು ತಾನಾಗಿ ಇಂಕ್ ದಾರಿಯನ್ನೇ ಕಾಯುತ್ತದೆ. ಇಂಕ್ ಮುಚ್ಚಿಟ್ಟು ‘ಫೋಟೋಶಾಪಿನಲ್ಲಿ ಒತ್ತಡ ಇಲ್ಲ’ ಎನ್ನುವವರ ಕಥೆಯೆಲ್ಲ ಇದೇ.

ಇನ್ನು ಮೊಟ್ಟೆ. ಇದು ನನಗೆ ಇಷ್ಟದ ತೊಂದರೆ, ಯಾಕೆಂದರೆ ಇದರಲ್ಲಿ ಯಾರದೂ ತಪ್ಪಿಲ್ಲ, ಬರೀ ಭಾಗಾಕಾರ. ನಿಮ್ಮ ಟ್ಯಾಬ್ಲೆಟ್ಟಿನಲ್ಲಿ ಪೆನ್ನು ನಡೆಯುವ ಜಾಗ 152 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. ಈಗಿನ ಸಾಮಾನ್ಯ ಮಾನಿಟರು 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರ. ಡ್ರೈವರು ಪೂರ್ತಿ ಟ್ಯಾಬ್ಲೆಟ್ಟನ್ನು ಪೂರ್ತಿ ಪರದೆಗೆ ಎಳೆದು ಹೊಂದಿಸುತ್ತದೆ. ಅಡ್ಡಕ್ಕೆ ಒಂದು ಮಿಲಿಮೀಟರಿಗೆ 12.6 ಚುಕ್ಕೆ ಸಿಗುತ್ತದೆ, ಉದ್ದಕ್ಕೆ 11.4 ಮಾತ್ರ. ಮನೆಯಲ್ಲಿ ಪ್ಲಾಸ್ಟಿಕ್ ಬಳೆ ಇದ್ದರೆ ತನ್ನಿ, ಬಳೆಗಾರರು ‘ಎರಡು-ಆರು’ ಅನ್ನುವ ಅಳತೆಯದು, ಒಳಗಿನ ಅಗಲ ಸುಮಾರು 60 ಮಿ.ಮೀ. ಚಿನ್ನದ್ದು, ಕಬ್ಬಿಣದ್ದು ಬೇಡ, ಲೋಹ ಕಾಂತಕ್ಷೇತ್ರವನ್ನು ಕದಡುತ್ತದೆ. ಟ್ಯಾಬ್ಲೆಟ್ಟಿನ ಮೇಲಿಟ್ಟು ಒಳಸುತ್ತಿಗೆ ಪೆನ್ನು ಓಡಿಸಿ. ಕೈ ಎಳೆದದ್ದು ತಪ್ಪದ ವೃತ್ತ, ಪರದೆಯ ಮೇಲೆ ಬಂದದ್ದು 758 ಚುಕ್ಕೆ ಅಗಲ, 682 ಚುಕ್ಕೆ ಎತ್ತರ. ಮಲಗಿದ ಮೊಟ್ಟೆ.

ಮ್ಯಾಪಿಂಗ್ ಪುಟದಲ್ಲಿ ‘ಫೋರ್ಸ್ ಪ್ರೊಪೋರ್ಶನ್ಸ್’ ಎಂಬ ಗುರುತು ಹಾಕಿದರೆ ಡ್ರೈವರು ಟ್ಯಾಬ್ಲೆಟ್ಟಿನ ಎತ್ತರದಲ್ಲಿ 9.5 ಮಿ.ಮೀ. ಬಿಟ್ಟುಕೊಟ್ಟು 85.5 ಮಾತ್ರ ಬಳಸುತ್ತದೆ, ಎರಡೂ ದಿಕ್ಕಿಗೆ ಅಳತೆ ಒಂದೇ ಆಗುತ್ತದೆ. ಕಿರುಬೆರಳಿನ ಅಗಲದಷ್ಟು ಜಾಗ ಸತ್ತುಹೋಯಿತೆಂದು ಕೆಲವರು ಇದನ್ನು ಹಾಕುವುದಿಲ್ಲ. ಅಕ್ಷರ ಬರೆಯುವವರಿಗೆ ಆ ಜಾಗಕ್ಕಿಂತ ಸೊನ್ನೆ ಮುಖ್ಯ.

ಆದರೆ ಮೊಟ್ಟೆ ಮಲಗಿದೆಯೋ ನಿಂತಿದೆಯೋ ನೀವು ಬರೆದಿಲ್ಲ. ನಿಂತಿದ್ದರೆ ನಿಮ್ಮದು 1280 ಅಗಲ, 1024 ಎತ್ತರದ ಹಳೆಯ ಚೌಕ ಮಾನಿಟರ್ ಇರಬೇಕು. ಮದ್ದು ಅದೇ ಗುರುತು, ಈಗ ಕತ್ತರಿ ಬೀಳುವುದು ಅಗಲಕ್ಕೆ. ಗುರುತು ಹಾಕಿದ ಮೇಲೂ ಮೊಟ್ಟೆ ಹೋಗದಿದ್ದರೆ ಟ್ಯಾಬ್ಲೆಟ್ಟನ್ನು ಬಿಟ್ಟುಬಿಡಿ, ಕ್ರಿತಾದ ವೃತ್ತದ ಉಪಕರಣ ಹಿಡಿದು ಶಿಫ್ಟ್ ಒತ್ತಿಕೊಂಡು ಮೌಸಿನಿಂದ ಒಂದು ವೃತ್ತ ಎಳೆಯಿರಿ. ಅದೂ ಮೊಟ್ಟೆಯಾಗಿ ಕಂಡರೆ ತಪ್ಪು ಮಾನಿಟರಿನ ರೆಸಲ್ಯೂಶನ್ನಿನದು. ಅಗಲ ಪರದೆಗೆ ಯಾರೋ ಚೌಕ ಅಳತೆ ಇಟ್ಟಿದ್ದಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ.

ಗೆರೆ ನಡುಗುವುದಕ್ಕೆ ಬರುತ್ತೇನೆ. ಕೈಯೋ ಯಂತ್ರವೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನನಗೆ ಅರ್ಥವಾಗುತ್ತದೆ, ಆದ್ದರಿಂದ ಊಹೆ ಹೇಳುವುದಿಲ್ಲ, ಪರೀಕ್ಷೆ ಹೇಳುತ್ತೇನೆ. ಮಕ್ಕಳ ಪ್ಲಾಸ್ಟಿಕ್ ಸ್ಕೇಲೊಂದನ್ನು ಟ್ಯಾಬ್ಲೆಟ್ಟಿನ ಮೇಲೆ ಓರೆಯಾಗಿ, ಮೂಲೆಯಿಂದ ಮೂಲೆಗೆ ಇಡಿ. ಅದರ ಅಂಚಿಗೆ ಪೆನ್ನು ಆನಿಸಿ ನಿಧಾನವಾಗಿ ಎಳೆಯಿರಿ. ಸ್ಕೇಲಿಗೆ ಆನಿಕೊಂಡ ಪೆನ್ನು ಪಕ್ಕಕ್ಕೆ ಅಲುಗಲಾರದು. ಆ ಗೆರೆ ನೇರ ಬಂದರೆ ಯಂತ್ರ ಸರಿ. ಅದೂ ಹಾವಿನಂತೆ ಬಂದರೆ ಕೈಯ ಮೇಲೆ ಆರೋಪ ಹೊರಿಸಬೇಡಿ. ನಡುಗುವ ಸಂಜೆಯೇ ಇದನ್ನು ಮಾಡಬೇಕು, ಬೆಳಗ್ಗೆ ಮಾಡಿ ಪ್ರಯೋಜನವಿಲ್ಲ.

ಸಂಜೆ ಎಂದಾಗಲೇ ನನಗೆ ನನ್ನದೇ ಒಂದು ಫಜೀತಿ ನೆನಪಾಯಿತು. ಒಂದು ಸ್ಟುಡಿಯೋದಲ್ಲಿ ಒಬ್ಬ ಹುಡುಗಿಯ ಟ್ಯಾಬ್ಲೆಟ್ ಮಧ್ಯಾಹ್ನದವರೆಗೆ ಸರಿ ಇದ್ದು ನಾಲ್ಕು ಗಂಟೆಯ ಮೇಲೆ ಗೆರೆ ನಡುಗುತ್ತಿತ್ತು. ನಾನು ಟ್ಯಾಬ್ಲೆಟ್ ಬದಲಾಯಿಸಿದೆ, ಪೆನ್ನು ಬದಲಾಯಿಸಿದೆ, ಡ್ರೈವರ್ ಅಳಿಸಿ ಹಾಕಿದೆ, ಕೊನೆಗೆ ಮಳೆಗಾಲದ ತೇವ ಎಂದು ಹೇಳಿ ತಪ್ಪಿಸಿಕೊಂಡೆ. ಮೂರನೇ ದಿನ ಚಹಾ ಮಾಡುವ ಹುಡುಗ ಕೆಟಲ್ ಹಚ್ಚಲು ಜಾಗ ಇಲ್ಲವೆಂದು ಎಕ್ಸ್‌ಟೆನ್ಶನ್ ಬೋರ್ಡಿನಿಂದ ಒಂದು ಫೋನ್ ಚಾರ್ಜರ್ ಕಿತ್ತ. ಗೆರೆ ಆ ಕ್ಷಣವೇ ನೇರವಾಯಿತು. ಆ ಹುಡುಗಿ ದಿನಾ ನಾಲ್ಕಕ್ಕೆ ಫೋನು ಚಾರ್ಜಿಗಿಟ್ಟು ಟ್ಯಾಬ್ಲೆಟ್ಟಿನ ಪಕ್ಕದಲ್ಲೇ ಮಲಗಿಸುತ್ತಿದ್ದಳು. ಅಗ್ಗದ ಚಾರ್ಜರಿನೊಳಗೆ ಕರೆಂಟು ಬಹಳ ವೇಗವಾಗಿ ಹತ್ತಿ ಆರುತ್ತಿರುತ್ತದೆ, ಅದರ ಗದ್ದಲ ಪೆನ್ನಿನ ಮರುದನಿಯೊಳಗೆ ಬೆರೆಯುತ್ತದೆ, ಟ್ಯಾಬ್ಲೆಟ್ಟಿಗೆ ತುದಿ ಎಲ್ಲಿದೆಯೆಂದು ಗಲಿಬಿಲಿಯಾಗುತ್ತದೆ. ಮೂರು ದಿನ ನಾನು ಕಂಡುಹಿಡಿಯದ್ದನ್ನು ಚಹಾದ ಹುಡುಗ ಒಂದು ಕೈಯಲ್ಲಿ ಮಾಡಿದ. ಅಂದಿನಿಂದ ನಾನು ಡ್ರೈವರ್ ಮುಟ್ಟುವ ಮೊದಲು ಮೇಜಿನ ಮೇಲೇನಿದೆ ನೋಡುತ್ತೇನೆ.

ನೀವೂ ಹಾಗೇ ಮಾಡಿ. ಫೋನು, ಚಾರ್ಜರು, ಸ್ಪೀಕರು, ಅಯಸ್ಕಾಂತದ ಮುಚ್ಚಳವಿರುವ ಫೋನ್ ಚೀಲ, ಎಲ್ಲವನ್ನೂ ದೂರ ಸರಿಸಿ. ಮೇಜು ಕಬ್ಬಿಣದ್ದಾದರೆ ಟ್ಯಾಬ್ಲೆಟ್ಟಿನ ಕೆಳಗೆ ಒಂದು ದಪ್ಪ ಪುಸ್ತಕ ಅಥವಾ ಮರದ ಹಲಗೆ ಇಡಿ. ಇನ್ನೂ ನಡುಗಿದರೆ ಅರ್ಥಿಂಗ್ ನೋಡಿಸಬೇಕು. ನಮ್ಮ ಹಳೆಯ ಚಾಳುಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಕಂಪ್ಯೂಟರಿನ ಕ್ಯಾಬಿನೆಟ್ ತಾಗಿದಾಗ ಇರುವೆ ಹರಿದಂತೆ ಎಂದಾದರೂ ಅನಿಸಿದ್ದರೆ ಅದನ್ನು ‘ಎಲ್ಲ ಕಂಪ್ಯೂಟರೂ ಹಾಗೇ’ ಎಂದು ಬಿಡಬೇಡಿ, ಎಲೆಕ್ಟ್ರಿಶಿಯನ್ ಕರೆಸಿ. ಅದು ಗೆರೆಯ ಪ್ರಶ್ನೆಯಷ್ಟೇ ಅಲ್ಲ.

ಸ್ಕೇಲಿನ ಗೆರೆ ನೇರ ಬಂದು ಬರಿಗೈಯ ಗೆರೆ ಮಾತ್ರ ನಡುಗಿದರೆ, ಕ್ರಿತಾದಲ್ಲಿ ಕುಂಚದ ‘ಟೂಲ್ ಆಪ್ಶನ್ಸ್’ ಒಳಗೆ ‘ಬ್ರಷ್ ಸ್ಮೂದಿಂಗ್’ ಇದೆ, ಅದನ್ನು ‘ಸ್ಟೆಬಿಲೈಜರ್’ಗೆ ಇಡಿ. ಗೆರೆ ಪೆನ್ನಿನ ಹಿಂದೆ ತುಸು ಜಗ್ಗಿಕೊಂಡು ಬರುತ್ತದೆ, ನಡುಕ ಅದರಲ್ಲಿ ಕರಗುತ್ತದೆ. ಬೋರ್ಡು ಬರೆಯುವಾಗ ಕೈ ಊರಲು ಒಂದು ಕೋಲು ಹಿಡಿಯುತ್ತಿದ್ದಿರಲ್ಲ, ಇದೂ ಅದೇ ಕೆಲಸ ಮಾಡುವುದು. ಇಪ್ಪತ್ತೈದರ ಹುಡುಗರೂ ಇದನ್ನು ಹಾಕಿಕೊಂಡೇ ಕೆಲಸ ಮಾಡುತ್ತಾರೆ.

ಈಗ ನೀವು ಕೇಳದ, ಆದರೆ ಹೇಳದೆ ಬಿಟ್ಟರೆ ನಾಳೆ ನೀವೇ ಬೇಸರಪಡುವ ಒಂದು ಮಾತು. ಒತ್ತಡ ಬಂದ ಮೇಲೂ ನಿಮ್ಮ ಅಕ್ಷರ ನಿಮ್ಮ ಅಕ್ಷರದ ಹಾಗೆ ಕಾಣಲಿಕ್ಕಿಲ್ಲ. ಮೈಸೂರಿನಿಂದ ಬಂದು ಮುಂಬಯಿಯಲ್ಲಿ ದಶಕಗಟ್ಟಲೆ ಗೆರೆ ಎಳೆದ ಆರ್.ಕೆ. ಲಕ್ಷ್ಮಣರ ವ್ಯಂಗ್ಯಚಿತ್ರ ನೆನಪಿಸಿಕೊಳ್ಳಿ. ಅಲ್ಲಿ ಗೆರೆ ದಪ್ಪ ಸಣ್ಣ ಆಗುವುದು ಚೂಪು ಕುಂಚ ಒತ್ತಿದಾಗ, ಎತ್ತಿದಾಗ. ಟ್ಯಾಬ್ಲೆಟ್ಟಿನ ಒತ್ತಡ ಕೊಡುವುದು ಆ ಬಗೆಯ ಗೆರೆ. ನಿಮ್ಮದು ಬೋರ್ಡಿನ ಚಪ್ಪಟೆ ಕುಂಚ. ಅದರಲ್ಲಿ ದಪ್ಪ ಬರುವುದು ಒತ್ತುವುದರಿಂದ ಅಲ್ಲ, ಕುಂಚದ ಬಾಯಿ ಯಾವ ಕಡೆ ತಿರುಗಿದೆ ಎಂಬುದರಿಂದ. ‘ಕ’ದ ತಲೆಕಟ್ಟು ಎಳೆದು ಕೆಳಗಿನ ಸುತ್ತಿಗೆ ಬರುವಾಗ ಹೆಬ್ಬೆರಳು ತೋರುಬೆರಳ ನಡುವೆ ಕುಂಚವನ್ನು ತುಸು ಹೊರಳಿಸುತ್ತೀರಿ, ನಿಮಗೇ ಗೊತ್ತಿಲ್ಲದಂತೆ. ನಿಮ್ಮ ಈ ಪೆನ್ನಿಗೆ ಆ ಹೊರಳು ತಿಳಿಯುವುದಿಲ್ಲ, ಓರೆಯಾಗಿ ಹಿಡಿದದ್ದೂ ತಿಳಿಯುವುದಿಲ್ಲ. ಹೊರಳು ತಿಳಿಯುವ ಪೆನ್ನು ವಾಕಾಮ್‌ನ ದುಬಾರಿ ಟ್ಯಾಬ್ಲೆಟ್ಟುಗಳಿಗೆ ಸಿಗುತ್ತದೆ, ನಿಮ್ಮದಕ್ಕೆ ಹೊಂದುವುದಿಲ್ಲ.

ಅದಕ್ಕೆ ಒಂದು ಜುಗಾಡ್ ಇದೆ. ‘ಬೇಸಿಕ್-5 ಸೈಜ್’ ಹಿಡಿದು ಎಫ್5 ಒತ್ತಿದರೆ ಕುಂಚ ಬದಲಿಸುವ ಕಿಟಕಿ ತೆರೆಯುತ್ತದೆ. ಕುಂಚದ ತುದಿಯ ಪುಟದಲ್ಲಿ ಆಕಾರವನ್ನು ಚೌಕ ಮಾಡಿ, ‘ರೇಶಿಯೋ’ವನ್ನು 0.2ಕ್ಕೆ ಇಳಿಸಿ, ‘ಆ್ಯಂಗಲ್’ ಅನ್ನು 30ರಿಂದ 45ರ ನಡುವೆ ಇಡಿ. ‘ಸೈಜ್’ ಸಾಲಿನ ಒತ್ತಡದ ಗುರುತು ತೆಗೆಯಿರಿ. ಈಗ ಕುಂಚದ ಬಾಯಿ ಒಂದೇ ಓರೆಯಲ್ಲಿ ನಿಂತ ಚಪ್ಪಟೆ ಪಟ್ಟಿ. ಒಂದು ಕಡೆಗೆ ಎಳೆದರೆ ಅಗಲ, ಅದಕ್ಕೆ ಅಡ್ಡ ಎಳೆದರೆ ಸಣ್ಣ. ಹೊರಳಿಸುವ ಸುಖ ಇಲ್ಲ, ಆದರೆ ತಲೆಕಟ್ಟಿನ ಅಂಚು ಹರಿತವಾಗಿ ಬರುತ್ತದೆ. ಹೀಗೆ ಎರಡು ಮೂರು ಓರೆಗಳ ಕುಂಚ ಮಾಡಿ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಡಬ್ಬಿಯಲ್ಲಿ ನಾಲ್ಕು ಕುಂಚ ಇಟ್ಟುಕೊಂಡ ಹಾಗೆ. ನನ್ನನ್ನು ಕೇಳಿದರೆ ಒತ್ತಡಕ್ಕಿಂತ ಇದರ ಮೇಲೆ ಒಂದು ವಾರ ಕೂರಿ.

ಉಳಿದದ್ದು ಚಿಲ್ಲರೆ. ಟ್ಯಾಬ್ಲೆಟ್ ನಡುನಡುವೆ ಸತ್ತು ಹುಟ್ಟಿದಂತೆ ಆದರೆ ತಂತಿಯನ್ನು ಕ್ಯಾಬಿನೆಟ್ಟಿನ ಹಿಂದಿನ ಯುಎಸ್‌ಬಿಗೆ ಸಿಕ್ಕಿಸಿ. ಮುಂದಿನ ತೂತುಗಳು ಒಳಗೆ ಒಂದು ಸಣ್ಣ ತಂತಿಯ ಮೂಲಕ ಮದರ್‌ಬೋರ್ಡಿಗೆ ಹೋಗುತ್ತವೆ, ಹಳೆಯ ಡಬ್ಬಗಳಲ್ಲಿ ಅದು ಸಡಿಲವಾಗಿರುತ್ತದೆ. ಹಿಂದಿನವು ಬೋರ್ಡಿಗೇ ಬೆಸೆದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದ ಟ್ಯಾಬ್ಲೆಟ್ ನಿಲ್ಲುವುದಿಲ್ಲ. ಆದರೆ ಮಗ ಆ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕೋಣ ಅಂದರೆ ಹೆದರಬೇಡಿ, ವಾಕಾಮಿಗೆ ಬೇಕಾದ ಡ್ರೈವರು ಲಿನಕ್ಸಿನ ಒಳಗೇ ಬರುತ್ತದೆ, ಬೇರೆ ಹಾಕಬೇಕಾಗಿಲ್ಲ. ಕ್ರಿತಾ ಅಲ್ಲಿಯೂ ಪುಕ್ಕಟೆಯೇ.

ಟ್ಯಾಬ್ಲೆಟ್ಟನ್ನು ಮಾನಿಟರಿಗೆ ನೇರ ಎದುರಿಗೆ ಇಟ್ಟುಕೊಳ್ಳಿ, ಕೀಬೋರ್ಡ್ ಪಕ್ಕಕ್ಕೆ. ಕೆಳಗೆ ಕೈ ನೋಡದೆ ಮೇಲೆ ಪರದೆ ನೋಡಿ ಬರೆಯಲು ಮೊದಲ ದಿನಗಳಲ್ಲಿ ತಲೆ ಕೆಡುತ್ತದೆ, ಎಲ್ಲರಿಗೂ ಹಾಗೇ. ಮುಂಬಯಿಯ ಬೆವರಿಗೆ ಅಂಗೈ ಹಾಳೆಗೆ ಅಂಟುತ್ತದೆ. ಕಿರುಬೆರಳು, ಉಂಗುರಬೆರಳಿಗೆ ಮಾತ್ರ ಇರುವ ಕೈಗವಸು ಸಿಗುತ್ತದೆ, ಇಲ್ಲದಿದ್ದರೆ ಅಂಗೈ ಕೆಳಗೆ ಒಗೆದ ಕರ್ಚೀಫು ಸಾಕು. ‘ಟಿಪ್ ಫೀಲ್’ ಅನ್ನು ‘ಸಾಫ್ಟ್’ ಕಡೆ ಎರಡು ಮೆಟ್ಟಿಲು ಸರಿಸಿ. ಬೋರ್ಡಿನವರ ಕೈ ಹಗುರ, ಅದನ್ನು ಟ್ಯಾಬ್ಲೆಟ್ಟಿಗಾಗಿ ಭಾರ ಮಾಡಿಕೊಳ್ಳಬೇಡಿ. ನಿಬ್ಬು ಪ್ಲಾಸ್ಟಿಕ್ಕಿನದು, ಸವೆಯುತ್ತದೆ. ತುದಿ ಒಂದು ಕಡೆ ಚಪ್ಪಟೆಯಾಗಿ ಅಂಚು ಚೂಪಾದದ್ದು ಉಗುರಿಗೆ ತಾಗಿದ ದಿನ ಬದಲಾಯಿಸಿ, ತಡಮಾಡಿದರೆ ಹಾಳೆಯ ಮೇಲೆ ಗೀರು ಬೀಳುತ್ತದೆ. ಪೆಟ್ಟಿಗೆಯಲ್ಲಿ ಬಂದವು ಮುಗಿದ ಮೇಲೆ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರೋಡಿಗೆ ನಡೆದು ಹೋಗಿ, ಹಳೆಯ ನಿಬ್ಬನ್ನು ಜೇಬಿನಲ್ಲಿ ಒಯ್ಯಿರಿ. ನೋಡಲು ಒಂದೇ ತರಹದ ನಿಬ್ಬುಗಳು ಒಂದು ಪೆನ್ನಿನಲ್ಲಿ ಕೂತು ಇನ್ನೊಂದರಲ್ಲಿ ಕೂರುವುದಿಲ್ಲ.